ಎರಡು ಮೊಲಗಳಿಗೆ ಒಂದು ತಿಂಗಳು: ವಿಕ್ಟೋರಿಯಾ ಕಾಲದ ಬಾಲಾಪರಾಧಿಗಳೂ ಮನೆತನದ ಚರಿತ್ರೆಯೂ

ಒಂದು ಛಾಯಾಚಿತ್ರದಿಂದ ಆರಂಭಿಸುತ್ತೇನೆ. 1872ರಲ್ಲಿ ಲಂಡನ್ನಿನ ವಾಂಡ್ಸ್‌ವರ್ತ್ ಸೆರೆಮನೆಯಲ್ಲಿ ತೆಗೆದ ಚಿತ್ರ ಅದು. ಈಗ ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿದೆ. ಅದರಲ್ಲಿರುವ ಹುಡುಗನ ಹೆಸರು ಜಾರ್ಜ್ ಡೇವಿ, ವಯಸ್ಸು ಹತ್ತು. ಎರಡು ಮೊಲಗಳನ್ನು ಕದ್ದದ್ದಕ್ಕೆ ಅವನಿಗೆ ಒಂದು ತಿಂಗಳ ಕಠಿಣ ಸಜೆಯಾಗಿತ್ತು. ಕೈದಿಗಳ ಚಿತ್ರ ತೆಗೆದಿಡಬೇಕೆಂದು ಬ್ರಿಟಿಷ್ ಸಂಸತ್ತು 1871ರ ಕಾಯ್ದೆಯೊಂದರಲ್ಲಿ ವಿಧಿಸಿತ್ತು. ಒಮ್ಮೆ ಸಿಕ್ಕಿಬಿದ್ದವನು ಬೇರೆ ಊರಿನಲ್ಲಿ ಬೇರೆ ಹೆಸರು ಹೇಳಿ ಮತ್ತೆ ಸಿಕ್ಕಿದರೆ ಗುರುತು ಹಿಡಿಯಬೇಕೆಂಬುದು ಆ ವಿಧಿಯ ಉದ್ದೇಶ. ಹಾಗಾಗಿ ನುರಿತ ಕಳ್ಳರು, ದರೋಡೆಕೋರರು, ಹತ್ತು ವರ್ಷದ ಈ ಹುಡುಗ, ಎಲ್ಲರೂ ಒಂದೇ ಆಲ್ಬಮ್ಮಿನ ಪುಟಗಳಲ್ಲಿ ಅಕ್ಕಪಕ್ಕ ಬಂದು ಕೂತಿದ್ದಾರೆ.

ಈ ಚಿತ್ರವನ್ನು ನೋಡುವಾಗಲೆಲ್ಲ ನನಗೆ ಒಂದು ವಿಷಯ ಕಾಡುತ್ತದೆ. ಆ ಕಾಲದಲ್ಲಿ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳುವುದು ಮೊಲ ಕದಿಯಬೇಕಾಗಿ ಬಂದ ಮನೆಯವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಇಂಥ ಎಷ್ಟೋ ಮಕ್ಕಳ ಬಾಲ್ಯದ ಚಿತ್ರ ಉಳಿದಿದ್ದರೆ ಅದು ಸೆರೆಮನೆಯವರು ತೆಗೆದದ್ದು ಮಾತ್ರ. ಇಂದು ಬ್ರಿಟನ್ನಿನಲ್ಲೋ ಆಸ್ಟ್ರೇಲಿಯಾದಲ್ಲೋ ಒಬ್ಬರು ತಮ್ಮ ಮುತ್ತಜ್ಜನನ್ನು ಹುಡುಕುತ್ತ ಹೋಗಿ ಮೊದಲ ಬಾರಿಗೆ ಅವನ ಮುಖ ಕಾಣುವುದು ಹೀಗೆ, ಕೈದಿಯ ಸಂಖ್ಯೆಯ ಜೊತೆಗೆ. ಆ ಘಳಿಗೆಯಲ್ಲಿ ಅವರಿಗೆ ಸಂತೋಷವಾಗಬೇಕೋ ಸಂಕಟವಾಗಬೇಕೋ ಹೇಳುವುದು ಕಷ್ಟ. ನಾನು ಇಂದು ಮಾತನಾಡಬೇಕೆಂದಿರುವುದು ಈ ಇಕ್ಕಟ್ಟಿನ ಬಗ್ಗೆ. ಮಕ್ಕಳಿಗೆ ಕೊಟ್ಟ ಆ ಶಿಕ್ಷೆಗಳು ಎಷ್ಟು ಕ್ರೂರವಾಗಿದ್ದವು ಎಂಬುದನ್ನು ಹೇಳುತ್ತೇನೆ. ಅದರ ಜೊತೆಗೆ, ಸಜೆ ಮುಗಿದ ಮೇಲೂ ಆ ಶಿಕ್ಷೆ ಮನೆಗಳೊಳಗೆ ಮೌನವಾಗಿ ಹೇಗೆ ಮುಂದುವರಿಯಿತು ಎಂಬುದನ್ನೂ ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಆ ಮೌನವೂ ಶಿಕ್ಷೆಯದೇ ಒಂದು ಭಾಗ.

ಮನೆತನದ ಚರಿತ್ರೆ ಎಂದಾಗ ನಮ್ಮಲ್ಲಿ ಹಲವರಿಗೆ ಹೆಳವರು ನೆನಪಾಗುತ್ತಾರೆ. ಸುಗ್ಗಿಯ ಹೊತ್ತಿಗೆ ಮನೆಬಾಗಿಲಿಗೆ ಬಂದು, ಏಳೆಂಟು ತಲೆಮಾರುಗಳ ಹೆಸರನ್ನು ಓದಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಅವರ ಓದಿನಲ್ಲಿ ಮೂಲಪುರುಷ ಇರುತ್ತಾನೆ, ಊರು ಬಿಟ್ಟು ಊರಿಗೆ ಬಂದ ಕಥೆ ಇರುತ್ತದೆ, ದಾನ ಕೊಟ್ಟದ್ದು ಇರುತ್ತದೆ. ಮನೆಯ ಹುಡುಗನೊಬ್ಬ ಹಸಿವಿಗೆ ಕದ್ದು ಸಿಕ್ಕಿಬಿದ್ದದ್ದನ್ನು ಅಂಗಳದಲ್ಲಿ ನಿಂತು ಓದಬೇಕೆಂದು ಯಾರೂ ಕೇಳುವುದಿಲ್ಲ. ಇದು ಹೆಳವರ ತಪ್ಪಲ್ಲ. ಮನೆಯವರಿಗೆ ಬೇಕಾದ ನೆನಪು ಅಂಥದ್ದು. ಇಂಗ್ಲೆಂಡಿನ ಬಡವರಿಗೆ ಹೆಳವರಿರಲಿಲ್ಲ. ಅವರ ವಂಶಾವಳಿಯನ್ನು ಬರೆದಿಟ್ಟದ್ದು ಸರಕಾರ. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮರಣ, ವಿವಾಹಗಳ ಸರಕಾರಿ ನೋಂದಣಿ ಆರಂಭವಾಯಿತು. 1841ರಿಂದ ಜನಗಣತಿಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ಬರೆಯತೊಡಗಿದರು. ಜೊತೆಗೆ ನ್ಯಾಯಾಲಯ, ಸೆರೆಮನೆ, ಬಡವರ ಆಶ್ರಯಮನೆಗಳ ದಫ್ತರಗಳಿದ್ದವು. ಹೊಗಳಿಕೆಯ ಹಂಗಿಲ್ಲದ ಕಾರಣ ಸರಕಾರದ ಗುಮಾಸ್ತ ಎಲ್ಲವನ್ನೂ ಬರೆದ. ಮನೆಯವರು ಮರೆಮಾಡಿದ್ದು ದಫ್ತರದಲ್ಲಿ ಹಾಗೇ ಉಳಿಯಿತು.

ಆ ದಫ್ತರಗಳನ್ನು ಓದಬೇಕಾದರೆ ಕಾನೂನು ಹೇಗಿತ್ತು ಎಂಬುದು ಸ್ವಲ್ಪ ಗೊತ್ತಿರಬೇಕು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಈ ಅರವತ್ತಮೂರು ವರ್ಷವೂ ಇಂಗ್ಲೆಂಡಿನಲ್ಲಿ ಮಗುವನ್ನು ಅಪರಾಧಿಯೆಂದು ಕರೆಯಬಹುದಾದ ವಯಸ್ಸು ಏಳು. ಏಳಕ್ಕಿಂತ ಚಿಕ್ಕವರಿಗೆ ಅಪರಾಧದ ಬುದ್ಧಿ ಇರುವುದು ಸಾಧ್ಯವೇ ಇಲ್ಲ ಎಂಬುದು ಹಳೆಯ ನಿಯಮ. ಏಳರಿಂದ ಹದಿನಾಲ್ಕರವರೆಗೆ ಆ ಬುದ್ಧಿ ಇಲ್ಲವೆಂದೇ ಭಾವಿಸಬೇಕು. ಆದರೆ ತಾನು ಮಾಡುತ್ತಿರುವುದು ತಪ್ಪೆಂದು ಮಗುವಿಗೆ ತಿಳಿದಿತ್ತೆಂದು ತೋರಿಸಿಬಿಟ್ಟರೆ ಆ ರಕ್ಷಣೆ ಹೋಗುತ್ತಿತ್ತು. ಕದ್ದ ವಸ್ತುವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದರೆ, ಪೊಲೀಸನನ್ನು ಕಂಡು ಓಡಿದ್ದರೆ, ತಿಳಿದಿತ್ತೆಂದು ತೋರಿಸಲು ಅಷ್ಟು ಸಾಕಾಗುತ್ತಿತ್ತು. ಹೆದರಿದ ಮಗು ಓಡದೆ ಇನ್ನೇನು ಮಾಡೀತು ಎಂದು ಯಾರೂ ಕೇಳಲಿಲ್ಲ. 1870ರಲ್ಲಿ ಆಕ್ಸ್‌ಫರ್ಡಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯೊಂದನ್ನು ಕದ್ದಳೆಂದು ಏಳು ದಿನದ ಕಠಿಣ ಸಜೆ ಅನುಭವಿಸಿದಳು. ಅವಳ ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ದಿನ.

ಇಲ್ಲಿ ಸ್ವಲ್ಪ ನಿಂತು ಒಂದು ಎಚ್ಚರಿಕೆಯ ಮಾತು ಹೇಳಬೇಕು. ಈ ಕಾಲದ ಬಗ್ಗೆ ಮಾತನಾಡುವವರು ಬ್ರೆಡ್ಡಿನ ತುಣುಕು ಕದ್ದ ಮಕ್ಕಳನ್ನು ಸಾಲುಸಾಲಾಗಿ ಗಲ್ಲಿಗೇರಿಸುತ್ತಿದ್ದರು ಎಂದು ಹೇಳುವುದುಂಟು. ಮಕ್ಕಳಿಗೆ ಮರಣದಂಡನೆ ವಿಧಿಸಿದ್ದು ನಿಜ. 1833ರಲ್ಲಿ, ಅಂದರೆ ವಿಕ್ಟೋರಿಯಾ ಬರುವುದಕ್ಕೆ ನಾಲ್ಕು ವರ್ಷ ಮೊದಲು, ಒಡೆದ ಕಿಟಕಿಯ ಸಂದಿನಲ್ಲಿ ಕೋಲು ತೂರಿಸಿ ಎರಡು ಪೆನ್ಸ್ ಬೆಲೆಯ ಬಣ್ಣವನ್ನು ಕದ್ದ ಒಂಬತ್ತು ವರ್ಷದ ಹುಡುಗನಿಗೆ ಆ ಶಿಕ್ಷೆ ಘೋಷಿಸಿದರು. ಆದರೆ ಅವನನ್ನು ನೇಣಿಗೇರಿಸಲಿಲ್ಲ. ಆ ಹೊತ್ತಿಗೆ ಕಳವಿಗಾಗಿ ಮರಣದಂಡನೆ ಪಡೆದ ಮಕ್ಕಳ ಶಿಕ್ಷೆಯನ್ನು ಇಳಿಸುವುದೇ ರೂಢಿಯಾಗಿತ್ತು. ನಿಜವಾಗಿಯೂ ನೇಣಿಗೇರಿದ ಹುಡುಗರು ವಿರಳ, ಅವರಲ್ಲಿ ಒಬ್ಬ ಹದಿನಾಲ್ಕು ವರ್ಷದ ಜಾನ್ ಎನಿ ಬರ್ಡ್ ಬೆಲ್. ಒಂಬತ್ತು ಷಿಲಿಂಗಿಗಾಗಿ ಹದಿಮೂರರ ಹುಡುಗನನ್ನು ಕೊಂದ ಅಪರಾಧಕ್ಕೆ ಅವನನ್ನು 1831ರ ಆಗಸ್ಟ್ 1ರಂದು ಮೇಡ್‌ಸ್ಟೋನಿನಲ್ಲಿ ಸಾರ್ವಜನಿಕವಾಗಿ ಗಲ್ಲಿಗೇರಿಸಿದರು.

ಮನೆತನದ ಚರಿತ್ರೆ ಹುಡುಕುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. 1823ರ ಕಾಯ್ದೆಯೊಂದು ನ್ಯಾಯಾಧೀಶರಿಗೆ ಒಂದು ವಿಚಿತ್ರ ಅಧಿಕಾರ ಕೊಟ್ಟಿತು. ಅಪರಾಧಿ ಕ್ಷಮೆಗೆ ಯೋಗ್ಯನೆಂದು ತೋರಿದರೆ ಮರಣದಂಡನೆಯನ್ನು ಬಾಯಿಂದ ಉಚ್ಚರಿಸದೆ, ಪುಸ್ತಕದಲ್ಲಿ ‘ಮರಣ ದಾಖಲಾಯಿತು’ ಎಂಬ ಅರ್ಥದ ಎರಡು ಪದಗಳನ್ನು ಬರೆಸಿದರೆ ಸಾಕು. ಆ ವ್ಯಕ್ತಿ ಸಾಯಬೇಕಿರಲಿಲ್ಲ. ಹಳೆಯ ನ್ಯಾಯಾಲಯದ ವರದಿಯಲ್ಲಿ ತಮ್ಮ ಪೂರ್ವಜನ ಹೆಸರಿನ ಮುಂದೆ ಈ ಪದಗಳನ್ನು ಕಂಡು ಎಷ್ಟೋ ಜನ ಅವನು ಗಲ್ಲಿಗೇರಿದನೆಂದೇ ನಂಬಿಬಿಡುತ್ತಾರೆ. 2019ರಲ್ಲಿ ಪ್ರಸಿದ್ಧ ಲೇಖಕಿಯೊಬ್ಬರು ಹದಿನಾಲ್ಕು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ಇದೇ ತಪ್ಪು ಮಾಡಿ, ರೇಡಿಯೋ ಸಂದರ್ಶನದ ನಡುವೆಯೇ ಅದು ಬಯಲಾಯಿತು. ನಿಮ್ಮ ಪೂರ್ವಜನನ್ನು ನೀವೇ ನೇಣಿಗೆ ಹಾಕಿ ಕಣ್ಣೀರಿಡುವ ಮುನ್ನ ಮುಂದಿನ ಹತ್ತು ವರ್ಷದ ದಾಖಲೆಗಳನ್ನು ನೋಡಿ. ಅವನು ಬೇರೊಂದು ಖಂಡದಲ್ಲಿ ಬದುಕಿರುವ ಸಂಭವ ಹೆಚ್ಚು.

ಹೌದು, ಬೇರೊಂದು ಖಂಡ. ನಮ್ಮಲ್ಲಿ ಕರಿನೀರಿನ ಶಿಕ್ಷೆ ಎನ್ನುತ್ತೇವಲ್ಲ, ಇಂಗ್ಲೆಂಡಿನ ಮಕ್ಕಳಿಗೂ ಅಂಥದೊಂದು ಕರಿನೀರಿತ್ತು. ಏಳು ವರ್ಷ ಅಥವಾ ಹದಿನಾಲ್ಕು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ಹಡಗು ಸಿಗುವವರೆಗೆ ಅನೇಕ ಹುಡುಗರನ್ನು ಯೂರಿಯಲಸ್ ಎಂಬ ಹಳೆಯ ಯುದ್ಧನೌಕೆಯಲ್ಲಿ ಕೂಡಿಹಾಕುತ್ತಿದ್ದರು. ಟ್ರಫಾಲ್ಗರ್ ಕದನದಲ್ಲಿ ಪಾಲ್ಗೊಂಡಿದ್ದ ಆ ಹಡಗು 1825ರಿಂದ ಸುಮಾರು ಹದಿನೆಂಟು ವರ್ಷ ಮಕ್ಕಳ ತೇಲುವ ಸೆರೆಮನೆಯಾಗಿತ್ತು, ಅಲ್ಲಿ ಅವರು ಕೈದಿಗಳ ಬಟ್ಟೆ ಹೊಲಿಯುತ್ತಿದ್ದರು. ಅಲ್ಲಿಂದ ತಿಂಗಳುಗಟ್ಟಲೆ ಸಮುದ್ರದ ಮೇಲೆ ಸಾಗಿ ವಾನ್ ಡೀಮನ್ಸ್ ಲ್ಯಾಂಡ್ ಎಂಬ ದ್ವೀಪಕ್ಕೆ. ಪೋರ್ಟ್ ಆರ್ಥರ್ ಎಂಬ ಕುಖ್ಯಾತ ಕೈದಿ ನೆಲೆಯ ಎದುರು, ಕೊಲ್ಲಿಯ ಆಚೆ, ಪಾಯಿಂಟ್ ಪ್ಯುಯರ್ ಎಂಬ ಬೋಳು ಬಂಡೆಯ ಭೂಶಿರವಿದೆ. ಪ್ಯುಯರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹುಡುಗ. 1834ರಿಂದ 1849ರವರೆಗೆ ಸುಮಾರು 3,000 ಹುಡುಗರು ಆ ಭೂಶಿರದಲ್ಲಿ ಕಾಲ ಕಳೆದರು. ಅವರಲ್ಲಿ ಒಂಬತ್ತು ವರ್ಷದವರೂ ಇದ್ದರು. ಮರಗೆಲಸ, ಕಲ್ಲುಕೆಲಸ, ಚಪ್ಪಲಿ ಹೊಲಿಗೆ, ದೋಣಿ ಕಟ್ಟುವುದು ಮುಂತಾದ ಕಸುಬುಗಳನ್ನು ಕಲಿಸಿದ್ದನ್ನು ಅಲ್ಲಗಳೆಯಲಾಗದು. ಆ ಕಸುಬಿನಿಂದಲೇ ಮುಂದೆ ಬದುಕಿದವರಿದ್ದಾರೆ. ಆದರೆ ಮಾತಿಗೆ ಮಾತು ಕೊಟ್ಟದ್ದಕ್ಕೆ, ಹೊಗೆಸೊಪ್ಪು ಇಟ್ಟುಕೊಂಡದ್ದಕ್ಕೆ, ಕೆಲಸದಲ್ಲಿ ಆಲಸ್ಯ ತೋರಿದ್ದಕ್ಕೆ ಒಂಟಿ ಕೋಣೆ, ಬರೀ ಬ್ರೆಡ್ಡು ನೀರು, ಛಡಿಯೇಟು ಇವೂ ಅದೇ ಭೂಶಿರದ ದಿನಚರಿಯಾಗಿದ್ದವು.

ಇದಕ್ಕಿಂತ ಮೃದುವಾದ ದಾರಿಯೆಂದು ಹೇಳಿಕೊಂಡು 1838ರ ಡಿಸೆಂಬರಿನಲ್ಲಿ ಇಂಗ್ಲೆಂಡಿನದೇ ವೈಟ್ ದ್ವೀಪದ ಪಾರ್ಕ್‌ಹರ್ಸ್ಟ್‌ನಲ್ಲಿ ಹುಡುಗರ ಸೆರೆಮನೆಯೊಂದನ್ನು ತೆರೆದರು. ಆರಂಭದ ದಿನಗಳಲ್ಲಿ ಅಲ್ಲಿನ ಹುಡುಗರ ಕಾಲಿಗೆ ಕಬ್ಬಿಣದ ಬೇಡಿ ತೊಡಿಸುತ್ತಿದ್ದರು ಎಂದರೆ ಆ ಮೃದುತನದ ಅಳತೆ ಗೊತ್ತಾಗುತ್ತದೆ. 1842ರಿಂದ ಅಲ್ಲಿನ ಹುಡುಗರನ್ನು ನ್ಯೂಜಿಲೆಂಡಿಗೂ ಆಸ್ಟ್ರೇಲಿಯಾದ ವಸಾಹತುಗಳಿಗೂ ಕಳಿಸತೊಡಗಿದರು. 1849ರೊಳಗೆ ಪಶ್ಚಿಮ ಆಸ್ಟ್ರೇಲಿಯಾಕ್ಕೆ 234 ಹುಡುಗರು ಬಂದಿಳಿದರು. ಅವರನ್ನು ಕೈದಿಗಳೆಂದು ಕರೆಯಲಿಲ್ಲ, ಏಕೆಂದರೆ ಆ ವಸಾಹತು ಆಗ ಕೈದಿಗಳನ್ನು ಒಪ್ಪುತ್ತಿರಲಿಲ್ಲ. ಷರತ್ತಿನ ಕ್ಷಮಾದಾನ ಕೊಟ್ಟು, ವಲಸೆ ಬಂದ ಬಾಲಕರೆಂದು ಹೆಸರಿಟ್ಟು, ಅಲ್ಲಿನ ರೈತರ ಬಳಿ ಕೆಲಸ ಕಲಿಯುವವರಾಗಿ ಕರಾರು ಬರೆಸಿ ಬಿಟ್ಟರು. ತಾಯಿತಂದೆಯ ಒಪ್ಪಿಗೆ ಯಾರಿಗೂ ಬೇಕಾಗಿರಲಿಲ್ಲ. ಅವರಲ್ಲಿ ಒಬ್ಬ ಜಾನ್ ಗೇವಿನ್. ತನ್ನನ್ನು ಇಟ್ಟುಕೊಂಡ ಮನೆಯ ಮಗನನ್ನು ಕೊಂದ ಅಪರಾಧಕ್ಕೆ ಹದಿನೈದನೆಯ ವಯಸ್ಸಿನಲ್ಲಿ, 1844ರ ಏಪ್ರಿಲ್ 6ರಂದು, ಫ್ರೀಮ್ಯಾಂಟಲ್‌ನ ರೌಂಡ್ ಹೌಸ್ ಸೆರೆಮನೆಯ ಬಳಿ ಅವನನ್ನು ಗಲ್ಲಿಗೇರಿಸಿದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮರಣದಂಡನೆಗೆ ಗುರಿಯಾದ ಮೊದಲ ಯುರೋಪಿಯನ್ ಅವನೇ.

ಮಿಕ್ಕ ಹುಡುಗರು ಏನಾದರು? ಬಹುಪಾಲು ಜನ ದೊಡ್ಡವರಾಗಿ, ದುಡಿದು, ಮದುವೆಯಾಗಿ, ಅಜ್ಜಂದಿರಾದರು. ಆದರೆ ಮೊಮ್ಮಕ್ಕಳಿಗೆ ತಾವು ಹೇಗೆ ಆ ನೆಲಕ್ಕೆ ಬಂದೆವೆಂದು ಹೇಳಲಿಲ್ಲ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದರು, ಚಿಕ್ಕಪ್ಪನ ಜೊತೆ ಬಂದೆ ಎಂದರು, ಕೆಲವರು ಏನೂ ಹೇಳಲೇ ಇಲ್ಲ. ಕೈದಿಗಳ ರಕ್ತ ಎಂಬುದು ಆ ನಾಡಿನಲ್ಲಿ ಅಳಿಸಲಾಗದ ಕಲೆಯಾಗಿತ್ತು. ಒಂದು ಇಡೀ ದ್ವೀಪವೇ ಆ ಕಲೆಯಿಂದ ಬಿಡಿಸಿಕೊಳ್ಳಲು 1856ರಲ್ಲಿ ವಾನ್ ಡೀಮನ್ಸ್ ಲ್ಯಾಂಡ್ ಎಂಬ ಹೆಸರನ್ನು ಬಿಟ್ಟು ಟ್ಯಾಸ್ಮೇನಿಯಾ ಎಂದು ಕರೆದುಕೊಂಡಿತು ಎಂದ ಮೇಲೆ, ಒಬ್ಬ ಬಡ ಚಮ್ಮಾರ ತನ್ನ ಹೆಸರಿನ ಎರಡಕ್ಷರ ಬದಲಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ನೂರು ವರ್ಷಕ್ಕೂ ಹೆಚ್ಚು ಕಾಲ ಈ ಮೌನ ನಡೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಾಳಿ ತಿರುಗಿತು. ಇಂದು ಆಸ್ಟ್ರೇಲಿಯಾದಲ್ಲಿ ಕೈದಿ ಪೂರ್ವಜನೊಬ್ಬ ಸಿಕ್ಕರೆ ಹೆಮ್ಮೆಯಿಂದ ಹೇಳಿಕೊಳ್ಳುವವರೇ ಹೆಚ್ಚು. 2007ರಲ್ಲಿ ಯುನೆಸ್ಕೋ ಆಸ್ಟ್ರೇಲಿಯಾದ ಕೈದಿಗಳ ದಾಖಲೆಗಳನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಆ ದಾಖಲೆಗಳನ್ನು ಒಮ್ಮೆ ನೋಡಬೇಕು. ಟ್ಯಾಸ್ಮೇನಿಯಾದಲ್ಲಿ ಇಳಿದ ಪ್ರತಿಯೊಬ್ಬ ಕೈದಿಯ ಎತ್ತರ, ಮೈಬಣ್ಣ, ಕಣ್ಣಿನ ಬಣ್ಣ, ಮುಖದ ಕಲೆಗಳು, ತೋಳಿನ ಹಚ್ಚೆಗಳು, ಹುಟ್ಟೂರು, ಎಷ್ಟೋ ಸಲ ತಂದೆತಾಯಿ ಒಡಹುಟ್ಟಿದವರ ಹೆಸರು, ಇಷ್ಟೂ ಅಲ್ಲಿವೆ. ಹುಡುಗರ ತೋಳುಗಳ ಮೇಲೆ ಹಚ್ಚೆಯಾಗಿ ಕೂತಿರುವುದು ಬಿಟ್ಟುಬಂದವರ ಹೆಸರಿನ ಮೊದಲಕ್ಷರಗಳು. ಓಡಿಹೋದರೆ ಹಿಡಿಯಲೆಂದು ಗುಮಾಸ್ತ ಅವನ್ನು ಬರೆದುಕೊಂಡ. ಇಂದು ಮರಿಮೊಮ್ಮಗಳೊಬ್ಬಳಿಗೆ ಆ ಅಕ್ಷರಗಳ ಜಾಡು ಹಿಡಿದು ಲಿವರ್‌ಪೂಲಿನ ಯಾವುದೋ ಓಣಿಯಲ್ಲಿದ್ದ ತಾಯಿಯೊಬ್ಬಳು ಸಿಗಬಹುದು. ಅದೇ ಕಾಲದಲ್ಲಿ ಪ್ರಾಮಾಣಿಕವಾಗಿ ದುಡಿದು ಸತ್ತ ಬಡವನ ಬಗ್ಗೆ ನಮಗೆ ಹುಟ್ಟಿದ ದಿನ, ಸತ್ತ ದಿನಗಳಿಗಿಂತ ಹೆಚ್ಚೇನೂ ಸಿಗುವುದಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈಗ ಇಂಗ್ಲೆಂಡಿನ ಒಳಗೇ ನಡೆದ ಒಂದು ಪ್ರಸಂಗಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಎಡ್ವರ್ಡ್ ಆಂಡ್ರೂಸ್, ಹದಿನೈದು ವರ್ಷದ ಹುಡುಗ. ನಾಲ್ಕು ಪೌಂಡ್ ಗೋಮಾಂಸ ಕದ್ದದ್ದಕ್ಕೆ ಮೂರು ತಿಂಗಳ ಸಜೆಯಾಗಿ 1853ರ ಮಾರ್ಚ್ 28ರಂದು ಬರ್ಮಿಂಗ್‌ಹ್ಯಾಮ್ ಸೆರೆಮನೆ ಸೇರಿದ. ಆಗಿನ ಸೆರೆಮನೆಗಳಲ್ಲಿ ಕ್ರ್ಯಾಂಕ್ ಎಂಬ ಯಂತ್ರವಿತ್ತು. ಕೋಣೆಯೊಳಗೆ ಒಂದು ಪೆಟ್ಟಿಗೆ, ಅದಕ್ಕೊಂದು ಹಿಡಿ. ಕೈದಿ ಆ ಹಿಡಿಯನ್ನು ತಿರುಗಿಸುತ್ತಿರಬೇಕು, ಎಷ್ಟು ಸುತ್ತು ಆಯಿತೆಂದು ಮುಳ್ಳೊಂದು ಲೆಕ್ಕ ತೋರಿಸುತ್ತಿರುತ್ತದೆ. ನಮ್ಮ ಗಾಣದಲ್ಲಿ ಎಣ್ಣೆಯಾದರೂ ಬರುತ್ತದೆ, ಬೀಸುವ ಕಲ್ಲಿನಲ್ಲಿ ಹಿಟ್ಟಾದರೂ ಬೀಳುತ್ತದೆ. ಈ ಯಂತ್ರದಿಂದ ಬರುವುದು ಏನೂ ಇಲ್ಲ. ದುಡಿಮೆ ವ್ಯರ್ಥವೆಂದು ಕೈದಿಗೆ ಗೊತ್ತಿರಬೇಕೆಂಬುದೇ ಅದರ ಉದ್ದೇಶ. ದಿನಕ್ಕೆ 10,000 ಸುತ್ತು: ಬೆಳಗಿನ ಉಪಾಹಾರಕ್ಕೆ ಮುನ್ನ 2,000, ಮಧ್ಯಾಹ್ನದ ಊಟಕ್ಕೆ ಮುನ್ನ 4,000, ರಾತ್ರಿ ಊಟಕ್ಕೆ ಮುನ್ನ ಇನ್ನೊಂದು 4,000. ಮುಗಿಸದಿದ್ದರೆ ಊಟವಿಲ್ಲ. ಹದಿನೈದರ ಹುಡುಗ ಮೊದಲ ದಿನಗಳಲ್ಲೇ ಸೋತ. ಸೋತವನಿಗೆ ಸಿಕ್ಕಿದ್ದು ಬ್ರೆಡ್ಡು, ನೀರು. ಉಣ್ಣದವನ ತೋಳಿಗೆ ಬಲ ಎಲ್ಲಿಂದ ಬರಬೇಕು? ಮರುದಿನ ಮತ್ತೆ ಸೋತ. ಕೈಗಳನ್ನು ಎದೆಗೆ ಅಡ್ಡಲಾಗಿ ಬಿಗಿದು ಕಟ್ಟುವ ಅಂಗಿ ತೊಡಿಸಿ, ಕುತ್ತಿಗೆಗೆ ಗಡುಸಾದ ಚರ್ಮದ ಪಟ್ಟಿ ಹಾಕಿ, ಗಂಟೆಗಟ್ಟಲೆ ಗೋಡೆಗೆ ಕಟ್ಟಿ ನಿಲ್ಲಿಸಿದರು. ಕುಸಿದಾಗ ಬಕೆಟ್ಟಿನಿಂದ ತಣ್ಣೀರು ಸುರಿದರು. ಸೆರೆಮನೆ ಸೇರಿದ ಮೂವತ್ತನೆಯ ದಿನ, ಏಪ್ರಿಲ್ 27ರ ರಾತ್ರಿ, ಅವನು ತನ್ನ ಕೋಣೆಯ ಕಿಟಕಿಯ ಸರಳಿಗೆ ನೇಣು ಬಿಗಿದುಕೊಂಡ.

ಈ ಸಾವು ಮುಚ್ಚಿಹೋಗಲಿಲ್ಲ. ಸರಕಾರ ರಾಯಲ್ ಕಮಿಷನ್ ನೇಮಿಸಿತು. ಕ್ರ್ಯಾಂಕಿನ ಭಾರವನ್ನು ಇಂಜಿನಿಯರುಗಳು ಅಳೆದು ನೋಡಿದಾಗ, ಅಧಿಕಾರಿಗಳು ಹೇಳಿಕೊಂಡಿದ್ದಕ್ಕಿಂತ ಅದು ಬಹಳ ಹೆಚ್ಚಾಗಿತ್ತೆಂಬುದು ಬೆಳಕಿಗೆ ಬಂತು. ಸೆರೆಮನೆಯ ಮುಖ್ಯಸ್ಥ ಲೆಫ್ಟಿನೆಂಟ್ ವಿಲಿಯಂ ಆಸ್ಟಿನ್ ಮೇಲೆ ಮೊಕದ್ದಮೆ ನಡೆದು 1855ರಲ್ಲಿ ಅವನಿಗೆ ಶಿಕ್ಷೆಯೂ ಆಯಿತು. ಎಷ್ಟು ಗೊತ್ತೇ? ಮೂರು ತಿಂಗಳು. ನಾಲ್ಕು ಪೌಂಡ್ ಮಾಂಸಕ್ಕೆ ಆಂಡ್ರೂಸ್‌ಗೆ ಕೊಟ್ಟಷ್ಟೇ. ಮೂರು ತಿಂಗಳಿನ ಈ ಎರಡೂ ಶಿಕ್ಷೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟ ಸಮಾಜವನ್ನು ಕುರಿತು ಇಷ್ಟು ವರ್ಷ ಓದಿದ ಮೇಲೂ ನನ್ನ ಸಿಟ್ಟು ಇಳಿದಿಲ್ಲ.

ಆ ಸಮಾಜದೊಳಗೇ ಸಿಟ್ಟಾದವರಿದ್ದರು ಎಂಬುದನ್ನೂ ಹೇಳಬೇಕು. ಬ್ರಿಸ್ಟಲಿನ ಮೇರಿ ಕಾರ್ಪೆಂಟರ್ ಅವರಲ್ಲಿ ಪ್ರಮುಖರು. ಮಕ್ಕಳಿಗೆ ಸೆರೆಮನೆಯೇ ಕೂಡದು, ಅವರಿಗೆ ಬೇಕಾದದ್ದು ಮನೆಯಂಥ ಶಾಲೆ ಎಂದು ವಾದಿಸಿ, 1852ರಲ್ಲಿ ಕಿಂಗ್ಸ್‌ವುಡ್‌ನಲ್ಲಿ ಸುಧಾರಣಾ ಶಾಲೆಯೊಂದನ್ನು ಆರಂಭಿಸಿ, 1854ರಲ್ಲಿ ಹುಡುಗಿಯರಿಗಾಗಿಯೇ ರೆಡ್ ಲಾಡ್ಜ್ ತೆರೆದರು. ಅದೇ ವರ್ಷ ಸಂಸತ್ತು ಸುಧಾರಣಾ ಶಾಲೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಆದರೆ ಸಂಸತ್ತಿಗೆ ಅವರ ಮಾತು ಅರ್ಧವಷ್ಟೇ ಒಪ್ಪಿಗೆಯಾಗಿತ್ತು. ಹದಿನಾರರೊಳಗಿನ ಬಾಲಾಪರಾಧಿಯನ್ನು ಎರಡರಿಂದ ಐದು ವರ್ಷ ಶಾಲೆಗೆ ಕಳಿಸಬಹುದು, ಆದರೆ ಮೊದಲು ಕನಿಷ್ಠ ಹದಿನಾಲ್ಕು ದಿನ ಸೆರೆಮನೆಯಲ್ಲಿ ಇಟ್ಟೇ ಕಳಿಸಬೇಕು ಎಂದು ಷರತ್ತು ಹಾಕಿದರು. ತಪ್ಪಿಗೆ ನೋವು ಆಗಲೇಬೇಕು, ಪಾಠ ಆಮೇಲೆ. ಆ ಷರತ್ತು ಪೂರ್ತಿ ಹೋದದ್ದು 1899ರಲ್ಲಿ, ನಲವತ್ತೈದು ವರ್ಷಗಳ ನಂತರ. ಇದರ ಜೊತೆಗೆ ಛಡಿಯೇಟೂ ನಡೆದೇ ಇತ್ತು. 1847ರ ಕಾಯ್ದೆ ಚಿಕ್ಕ ಕಳವಿನ ಮಕ್ಕಳನ್ನು ಜ್ಯೂರಿಯಿಲ್ಲದೆ ಮ್ಯಾಜಿಸ್ಟ್ರೇಟರೇ ವಿಚಾರಿಸಿ ಮುಗಿಸಲು ಅವಕಾಶ ಕೊಟ್ಟಿತು; 1862ರ ಕಾಯ್ದೆ ಹದಿನಾಲ್ಕರೊಳಗಿನ ಹುಡುಗನಿಗೆ ಬರ್ಚ್ ಕಡ್ಡಿಗಳ ಕಟ್ಟಿನಿಂದ ಹನ್ನೆರಡಕ್ಕಿಂತ ಹೆಚ್ಚು ಏಟು ಕೂಡದು ಎಂದಿತು. ಹನ್ನೆರಡು ಎಂಬುದು ದಯೆಯ ಮಿತಿ ಎಂದು ಓದಿಕೊಳ್ಳಬೇಕು.

ಹೀಗೆ ಮ್ಯಾಜಿಸ್ಟ್ರೇಟರ ಮುಂದೆ ಹತ್ತು ನಿಮಿಷದಲ್ಲಿ ಮುಗಿದ ಪ್ರಕರಣಗಳು ದೊಡ್ಡ ನ್ಯಾಯಾಲಯದ ದಾಖಲೆಗಳಲ್ಲಿ ಸಿಗುವುದಿಲ್ಲ. ಅವನ್ನು ಸ್ಥಳೀಯ ಪತ್ರಿಕೆಗಳ ಪೊಲೀಸ್ ಕೋರ್ಟ್ ಅಂಕಣದಲ್ಲಿ, ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಹುಡುಕಬೇಕು. ಶಾಲೆಗೆ ಕಳಿಸಿದ ಮಕ್ಕಳಾದರೆ ಜನಗಣತಿಯಲ್ಲಿ ಸಿಗುತ್ತಾರೆ. ನೀವು ಒಂದು ಕುಟುಂಬವನ್ನು ಹತ್ತುಹತ್ತು ವರ್ಷಕ್ಕೊಮ್ಮೆ ಹಿಂಬಾಲಿಸುತ್ತಿದ್ದೀರಿ ಎಂದುಕೊಳ್ಳಿ. 1871ರಲ್ಲಿ ತಂದೆತಾಯಿಯೊಡನೆ ಇದ್ದ ಮೂರು ವರ್ಷದ ಹುಡುಗ 1881ರಲ್ಲಿ ಆ ಮನೆಯಲ್ಲಿಲ್ಲ. ಸತ್ತನೆಂದು ಗೆರೆ ಎಳೆಯುವ ಮೊದಲು ಇನ್ನೊಮ್ಮೆ ಹುಡುಕಿದರೆ, ಬೇರಾವುದೋ ಜಿಲ್ಲೆಯ ಸುಧಾರಣಾ ಶಾಲೆಯಲ್ಲೋ ನದಿಯಲ್ಲಿ ಲಂಗರು ಹಾಕಿದ ತರಬೇತಿ ಹಡಗಿನಲ್ಲೋ ನೂರಾರು ಹುಡುಗರ ಸಾಲಿನಲ್ಲಿ ಅವನಿರಬಹುದು. ಅವನ ತಂದೆ ಪ್ರತಿ ವಾರ ಆ ಶಾಲೆಗೆ ಹಣ ಕಟ್ಟಬೇಕಿತ್ತು. ವಾರಕ್ಕೆ ಐದು ಷಿಲಿಂಗಿನವರೆಗೆ ವಸೂಲು ಮಾಡಲು ಕಾನೂನಿತ್ತು. ಕಟ್ಟದಿದ್ದರೆ ತಂದೆಗೂ ಕೋರ್ಟಿನ ಕರೆ. ಒಂದು ಕೋಟು ಕದ್ದ ಮಗನ ಹಿಂದೆ ಇಡೀ ಸಂಸಾರವೇ ದಫ್ತರದೊಳಗೆ ಬಂದು ಬೀಳುತ್ತಿತ್ತು.

ಮೇರಿ ಕಾರ್ಪೆಂಟರ್ ಹೆಸರು ಬಂದಾಗ ನಮ್ಮ ದೇಶದ ನಂಟನ್ನು ಹೇಳದೆ ಮುಂದೆ ಹೋಗಲಾರೆ. ರಾಜಾ ರಾಮಮೋಹನ ರಾಯರು 1833ರಲ್ಲಿ ಬ್ರಿಸ್ಟಲಿನಲ್ಲಿ ಕೊನೆಯುಸಿರೆಳೆಯುವ ಮುನ್ನ ಅವರನ್ನು ಕಂಡಿದ್ದ ಈ ಮಹಿಳೆ, 1866ರಿಂದ 1876ರ ನಡುವೆ ನಾಲ್ಕು ಬಾರಿ ಭಾರತಕ್ಕೆ ಬಂದು, ಹೆಣ್ಣುಮಕ್ಕಳ ಶಿಕ್ಷಣದ ಜೊತೆಗೆ ಸೆರೆಮನೆಗಳ ಸುಧಾರಣೆಯ ಬಗ್ಗೆಯೂ ಮಾತನಾಡಿದರು. ಅಷ್ಟರಲ್ಲಾಗಲೇ ಇಂಗ್ಲೆಂಡಿನ ಪದ್ಧತಿಗಳು ಕಾನೂನಿನ ರೂಪದಲ್ಲಿ ಇಲ್ಲಿಗೆ ಬಂದಿದ್ದವು. 1860ರ ದಂಡ ಸಂಹಿತೆ ಏಳು ವರ್ಷದೊಳಗಿನ ಮಗುವನ್ನು ಹೊಣೆಯಿಂದ ಬಿಟ್ಟಿತು, ಏಳರಿಂದ ಹನ್ನೆರಡರವರೆಗಿನವರನ್ನು ತಿಳಿವಳಿಕೆ ನೋಡಿ ತೀರ್ಮಾನಿಸಬೇಕೆಂದಿತು. 1864ರ ಕಾಯ್ದೆ ಬಾಲಾಪರಾಧಿಗಳಿಗೆ ಛಡಿಯೇಟನ್ನು ತಂದಿತು. 1876ರಲ್ಲಿ ಇಲ್ಲೂ ಸುಧಾರಣಾ ಶಾಲೆಗಳ ಕಾಯ್ದೆ ಬಂತು. ಇಂಗ್ಲೆಂಡ್ 1933ರಲ್ಲಿ ಆ ವಯಸ್ಸನ್ನು ಎಂಟಕ್ಕೆ, 1963ರಲ್ಲಿ ಹತ್ತಕ್ಕೆ ಏರಿಸಿತು. ನಮ್ಮ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಈಗಲೂ ಏಳೇ ಆಗಿದೆ. ಹದಿನೆಂಟರೊಳಗಿನವರಿಗೆ ಬಾಲನ್ಯಾಯದ ಪ್ರತ್ಯೇಕ ಕಾಯ್ದೆ ಇರುವುದರಿಂದ ನಮ್ಮ ಮಕ್ಕಳ ಸ್ಥಿತಿ ಬೇರೆ, ನಿಜ. ಆದರೂ ಆ ಅಂಕಿ ಎಲ್ಲಿಂದ ನಡೆದು ಬಂತೆಂಬುದು ನಮಗೆ ಗೊತ್ತಿರಬೇಕು.

ಮತ್ತೆ ಇಂಗ್ಲೆಂಡಿಗೆ, ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಿಗೆ ಹೋಗೋಣ. ಸಾಹಿತಿ ಆಸ್ಕರ್ ವೈಲ್ಡ್ 1897ರ ಮೇ ತಿಂಗಳಲ್ಲಿ ಸೆರೆಯಿಂದ ಬಿಡುಗಡೆಯಾದ. ಹೊರಬಂದ ಕೆಲವೇ ದಿನಗಳಲ್ಲಿ ಅವನು ಡೈಲಿ ಕ್ರಾನಿಕಲ್ ಪತ್ರಿಕೆಗೆ ಒಂದು ದೀರ್ಘ ಪತ್ರ ಬರೆದ. ತನ್ನ ಕಷ್ಟದ ಬಗ್ಗೆ ಬರೆಯಬಹುದಿತ್ತು. ಬರೆದದ್ದು ರೆಡಿಂಗ್ ಸೆರೆಮನೆಯಲ್ಲಿ ತಾನು ಕಂಡ ಪುಟ್ಟ ಮಕ್ಕಳ ಬಗ್ಗೆ, ಅವರಲ್ಲೊಬ್ಬನಿಗೆ ಬಿಸ್ಕತ್ತು ಕೊಟ್ಟು ಕೆಲಸ ಕಳೆದುಕೊಂಡ ಮಾರ್ಟಿನ್ ಎಂಬ ವಾರ್ಡರಿನ ಬಗ್ಗೆ. ಹೆದರಿಕೆಯಿಂದ ಆ ಮಗುವಿಗೆ ಸೆರೆಮನೆಯ ಒರಟು ಬ್ರೆಡ್ಡು ಗಂಟಲಿಗೆ ಇಳಿಯುತ್ತಿರಲಿಲ್ಲ. ಮಾರ್ಟಿನ್ ಅದನ್ನು ಕಂಡು ಬಿಸ್ಕತ್ತು ತಂದುಕೊಟ್ಟ. ಮಗು ಸಂತೋಷದಿಂದ ಆ ಉಪಕಾರವನ್ನು ಇನ್ನೊಬ್ಬ ಹಿರಿಯ ವಾರ್ಡರಿಗೆ ಹೇಳಿತು. ಅಷ್ಟರಿಂದಲೇ ಮಾರ್ಟಿನ್ ಕೆಲಸ ಹೋಯಿತು. ಆ ಮಕ್ಕಳು ಒಳಬಂದದ್ದು ಮೊಲಗಳಿಗೆ ಉರುಲು ಹಾಕಿ ಸಿಕ್ಕಿಬಿದ್ದು, ದಂಡ ಕಟ್ಟಲಾರದೆ. ಜಾರ್ಜ್ ಡೇವಿಯ ಎರಡು ಮೊಲಗಳಿಗೂ ಈ ಮೊಲಗಳಿಗೂ ನಡುವೆ ಇಪ್ಪತ್ತೈದು ವರ್ಷ ಕಳೆದಿತ್ತು. ಬಿಡುಗಡೆಗೆ ಮುನ್ನವೇ ವೈಲ್ಡ್ ಒಂದು ಚೀಟಿಯಲ್ಲಿ ಮಾರ್ಟಿನ್‌ನನ್ನು ಕೇಳಿದ್ದ: ಆ ಮಕ್ಕಳ ಹೆಸರೇನು, ದಂಡ ಎಷ್ಟು, ನಾನು ಕಟ್ಟಿದರೆ ಅವರನ್ನು ಬಿಡುತ್ತಾರೆಯೇ? ಹದಿನಾಲ್ಕು ವರ್ಷದೊಳಗಿನವರನ್ನು ಸೆರೆಮನೆಗೆ ಹಾಕುವುದು 1908ರ ಮಕ್ಕಳ ಕಾಯ್ದೆಯಿಂದ ನಿಂತಿತು. ಛಡಿಯೇಟಿನ ಶಿಕ್ಷೆ ನಿಲ್ಲಲು 1948ರವರೆಗೆ ಕಾಯಬೇಕಾಯಿತು.

ನಿಮ್ಮಲ್ಲಿ ಯಾರಾದರೂ ಹೊರದೇಶದಲ್ಲಿರುವ ಸ್ನೇಹಿತರಿಗೋ ಅಳಿಯ ಸೊಸೆಯಂದಿರ ಕಡೆಯವರಿಗೋ ಇಂಥ ಹುಡುಕಾಟದಲ್ಲಿ ನೆರವಾಗುವುದಾದರೆ, ಅನುಭವದಿಂದ ಒಂದೆರಡು ಮಾತು ಹೇಳುತ್ತೇನೆ. ದಾಖಲೆಯಲ್ಲಿರುವ ವಯಸ್ಸನ್ನು ನಂಬಬೇಡಿ. ಚಿಕ್ಕವನೆಂದರೆ ಕರುಣೆ ಸಿಗಬಹುದೆಂದು ಇಳಿಸಿ ಹೇಳಿದವರಿದ್ದಾರೆ, ದೊಡ್ಡವನೆಂದರೆ ಸುಧಾರಣಾ ಶಾಲೆಯ ಐದು ವರ್ಷ ತಪ್ಪುತ್ತದೆಂದು ಏರಿಸಿ ಹೇಳಿದವರೂ ಇದ್ದಾರೆ; ತಮ್ಮ ವಯಸ್ಸು ತಮಗೇ ಗೊತ್ತಿಲ್ಲದ ಮಕ್ಕಳಂತೂ ಬಹಳ. ಹೆಸರಿನ ಕಾಗುಣಿತ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಇರುತ್ತದೆ. ಒಂದೇ ಹೆಸರಿನ ಇಬ್ಬರು ಹುಡುಗರು ಒಂದೇ ಬೀದಿಯಲ್ಲಿ ಇರುವುದೂ ಉಂಟು, ಆದ್ದರಿಂದ ಇನ್ನೊಬ್ಬನ ಕಳವನ್ನು ನಿಮ್ಮವನ ತಲೆಗೆ ಕಟ್ಟದಂತೆ ನೋಡಿಕೊಳ್ಳಿ. ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳ ಮುದ್ರಿತ ವರದಿಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಮಗು ಆಡಿದ ಮಾತು ಕೆಲವೊಮ್ಮೆ ಒಂದೇ ಒಂದು ಸಾಲು ಉಳಿದಿರುತ್ತದೆ, ಹಸಿವಾಗಿತ್ತು ಎಂದೋ, ಇನ್ನೊಬ್ಬ ಹುಡುಗ ಕೊಟ್ಟ ಎಂದೋ.

ನಾನು ಎಲ್ಲರಿಗೂ ನೋಡಿ ಎಂದು ಹೇಳುವುದು ಕ್ಷಮಾದಾನದ ಅರ್ಜಿಗಳನ್ನು. 1819ರಿಂದ 1854ರವರೆಗೆ ಗೃಹ ಇಲಾಖೆಗೆ ಬಂದ ಅರ್ಜಿಗಳ ಕಂತೆಗಳು ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿವೆ. ಮಗನನ್ನು ಹಡಗು ಹತ್ತಿಸುವ ಮುನ್ನ ಬಿಟ್ಟುಬಿಡಿ ಎಂದು ತಂದೆಯೋ ವಿಧವೆ ತಾಯಿಯೋ ಯಾರಿಂದಲೋ ಬರೆಸಿದ ಕಾಗದಗಳು ಅವು. ಮನೆಯವರು ಆಮೇಲೆ ನೂರು ವರ್ಷ ಮುಚ್ಚಿಟ್ಟ ಮಾತನ್ನು ಅಲ್ಲಿ ಬಾಯಿ ಬಿಟ್ಟು ಆಡಿದ್ದಾರೆ: ಇವನು ನಮ್ಮವನು, ಒಳ್ಳೆಯವನು, ಸಂಗ ಕೆಟ್ಟದಾಯಿತು, ನಾವು ನೋಡಿಕೊಳ್ಳುತ್ತೇವೆ. ಕೆಳಗೆ ನೆರೆಹೊರೆಯವರು, ಪಾದ್ರಿ, ಬ್ರೆಡ್ಡಿನಂಗಡಿಯವನು ಸಹಿ ಹಾಕಿರುತ್ತಾರೆ. ಕೆಲವು ಅರ್ಜಿಗಳಲ್ಲಿ ವಸ್ತು ಕಳೆದುಕೊಂಡವನೇ ಹುಡುಗನ ಪರವಾಗಿ ಸಹಿ ಹಾಕಿರುತ್ತಾನೆ. ಬರೆಯಲು ಬಾರದ ತಾಯಿ ಹೆಸರಿನ ಜಾಗದಲ್ಲಿ ಅಡ್ಡ ಉದ್ದ ಎರಡು ಗೆರೆ ಎಳೆದಿರುತ್ತಾಳೆ. ಕಾಗದವನ್ನು ತಿರುಗಿಸಿದರೆ ಹಿಂಬದಿಯಲ್ಲಿ, ಸರಕಾರದ ಉತ್ತರವಾಗಿ, ಗುಮಾಸ್ತನ ದುಂಡು ಅಕ್ಷರದಲ್ಲಿ, ಹೆಚ್ಚಿನ ಅರ್ಜಿಗಳ ಮೇಲೆ ಒಂದೇ ಪದವಿದೆ: ನಿಲ್. ಏನೂ ಇಲ್ಲ ಎಂದರ್ಥ.